ತಲೆ ಮೇಲಿನ ಅತ್ತೆ

ಮಾರ್ಚ್ 3, ಸೋಮವಾರ

ಕಾರ್ಖಾನೆಗೆ ಒಂದು ವಾರ ರಜೆ. ತಗಡು ಒತ್ತುವ ಹಳೆಯ ಪ್ರೆಸ್ಸುಗಳನ್ನೆಲ್ಲ ಕಿತ್ತು ಹೊಸ ಮಿಷನ್ನು ಕೂರಿಸುತ್ತಾರಂತೆ. ಮನೆಯಲ್ಲಿ ಕೂತರೆ ನನಗೆ ಕೈ ತುರಿಸುತ್ತದೆ. ತುರಿಕಜ್ಜಿಯಲ್ಲ, ಮಾತಾಡುವ ಚಪಲ. ಅದಕ್ಕೇ ನಮ್ಮವರ ಅಳತೆ ಪುಸ್ತಕದಲ್ಲಿ ಹಿಂದಿನಿಂದ ಬರೆಯಲು ಶುರುಮಾಡಿದ್ದೇನೆ. ಮುಂದಿನಿಂದ ಊರವರ ಸೊಂಟ, ಹಿಂದಿನಿಂದ ನನ್ನ ಗೋಳು. ದರ್ಜಿಯ ಹೆಂಡತಿಗೆ ಬೇರೆ ಪುಸ್ತಕ ಯಾರು ಕೊಡುತ್ತಾರೆ?

ನಾವು ಚಮಚ ಮಾಡುವವರು ಕೈಯಲ್ಲೇ ಮಾತಾಡುತ್ತೇವೆ. ಹಳೆಯ ಪ್ರೆಸ್ಸು ಧಡ್ ಎಂದರೆ ಬಾಯೊಳಗಿನ ಹಲ್ಲೂ ಧಡ್ ಎನ್ನುತ್ತಿತ್ತು. ಅಂಥ ಕಡೆ ಬಾಯಿಬಿಟ್ಟು ಏನು ಪ್ರಯೋಜನ? ಕಿವಿಗೆ ಇಟ್ಟುಕೊಳ್ಳಿ ಎಂದು ಕಂಪನಿಯವರು ಮೆತ್ತನೆಯ ಬಿರಡೆಗಳನ್ನು ಕೊಟ್ಟಿದ್ದರು. ನಾನು ಒಂದನ್ನು ಎಣ್ಣೆ ಸೀಸೆಗೆ ಹಾಕಿದೆ, ಇನ್ನೊಂದನ್ನು ಗೆದ್ದಲು ಕೊರೆದ ಬಾಗಿಲಿಗೆ. ಎರಡೂ ಚೆನ್ನಾಗಿ ಬಾಳಿಕೆ ಬಂದಿವೆ.

ಹೊಟ್ಟೆಯ ಮುಂದೆ ದೊಡ್ಡ ಸೊನ್ನೆ ಸುತ್ತಿದರೆ ಮೇಸ್ತ್ರಿ ಬಂದ ಎಂದರ್ಥ. ಮೂಗು ಹಿಡಿದರೆ ಕ್ಯಾಂಟೀನಿನ ತಿಂಡಿ. ತಲೆಯ ಮೇಲೆ ಅಂಗೈ ಒತ್ತಿದರೆ ಅತ್ತೆ. ಈ ಕೊನೆಯದನ್ನು ಕಂಡುಹಿಡಿದವಳು ನಾನೇ. ನನ್ನ ಜೊತೆಗಾತಿ ಮುಳ್ಳುಚಮಚದ ಸಾಲಿನಲ್ಲಿ ನಿಲ್ಲುತ್ತಾಳೆ, ಅದಕ್ಕೇ ಅವಳು ಎಲ್ಲರಿಗೂ ಮುಳ್ಳಕ್ಕ. ಹಳೆಯ ಪ್ರೆಸ್ಸು ಅವಳ ತೋರುಬೆರಳಿನ ತುದಿಯನ್ನು ನುಂಗಿದ ಮೇಲೆ ಅವಳ ಕೈಮಾತು ಸ್ವಲ್ಪ ತೊದಲುತ್ತದೆ. ಆದರೂ ನನಗೆ ಎಲ್ಲ ಅರ್ಥವಾಗುತ್ತದೆ.

ಈಗ ಅತ್ತೆ ಊಟಕ್ಕೆ ಕರೆಯುತ್ತಿದ್ದಾರೆ. ಕರೆಯುತ್ತಿದ್ದಾರೆ ಎನ್ನಲೇ, ಡಂಗುರ ಸಾರುತ್ತಿದ್ದಾರೆ ಎನ್ನಲೇ? "ಊಟ ಆರ್ತಿದೆ ಬಾರೇ!" ಎಂದರೆ ಆಚೆ ಬೀದಿಯವರೂ ಕೈ ತೊಳೆದುಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ಅವರು ಹೀಗಿರಲಿಲ್ಲ. ವಯಸ್ಸಾದಂತೆ ಬಾಯಿ ಬೆಳೆಯುತ್ತದೇನೋ. ಹಗಲೆಲ್ಲ ಕಿರುಚುವುದು, ಸಂಜೆ ಲೋಟದಲ್ಲಿ ಬಿಸಿ ಉಪ್ಪುನೀರು ಹಿಡಿದು ಗಂಟಲು ಮುಕ್ಕಳಿಸುವುದು, "ಗಂಟಲು ನೋವು" ಎಂದು ಮುಖ ಸಣ್ಣ ಮಾಡುವುದು. ಕಿರುಚು ಅಂತ ಯಾರಾದರೂ ಕೇಳಿದ್ದರೇ?

ಮಾರ್ಚ್ 10, ಸೋಮವಾರ

ಹೊಸ ಮಿಷನ್ನು ಬಂತು. ಬೀರುವಿನ ಹಾಗೆ ನಿಂತಿದೆ, ಉಸಿರೂ ಇಲ್ಲ ಕೆಮ್ಮೂ ಇಲ್ಲ. ಒಂದು ಕಡೆ ತಗಡು ಹೋಗುತ್ತದೆ, ಇನ್ನೊಂದು ಕಡೆ ಚಮಚ ಬರುತ್ತದೆ. ನಾವು ಅದಕ್ಕೆ ಮೌನಮ್ಮ ಎಂದು ಹೆಸರಿಟ್ಟೆವು.

ಸೇಫ್ಟಿ ಸಾಹೇಬರು ಹೊಸಬರು, ಹೆಲ್ಮೆಟ್ಟಿಗಿಂತ ಮುಖ ಚಿಕ್ಕದು. ನಮ್ಮನ್ನೆಲ್ಲ ನಿಲ್ಲಿಸಿ ವಿವರಿಸಿದರು. ಮೌನಮ್ಮನ ಮುಂಭಾಗದಲ್ಲಿ ಕ್ಯಾಮೆರಾ ಕಣ್ಣುಗಳಿವೆ. ಯಾರದೇ ಕೈ ಅದರ ಬಾಯಿಯ ಹತ್ತಿರ ಹೋದರೂ ನಿಲ್ಲುತ್ತದೆ, ಹೆಗಲಿಗಿಂತ ಮೇಲೆ ಹೋದರೂ ನಿಲ್ಲುತ್ತದೆ. "ಗಾಬರಿಯಾದ ಮನುಷ್ಯ ಮೊದಲು ಕೈ ಎತ್ತುತ್ತಾನೆ. ಕೈ ಎತ್ತಿದ್ರೆ ಅಪಾಯ ಅಂತ ಮಿಷನ್ನಿಗೆ ಗೊತ್ತಾಗುತ್ತೆ. ಇನ್ಮೇಲೆ ಇಲ್ಲಿ ಯಾರ ಬೆರಳೂ ಹೋಗಲ್ಲ" ಎಂದರು. ಮುಳ್ಳಕ್ಕ ತನ್ನ ಮೊಂಡು ಬೆರಳನ್ನು ನೋಡಿಕೊಂಡಳು. ಸಾಹೇಬರು ಪಾಪ, ಹೆಲ್ಮೆಟ್ಟು ಸರಿಮಾಡಿಕೊಂಡರು.

ಹಿಂಭಾಗದಲ್ಲಿ ಒಂದು ಕಬ್ಬಿಣದ ತೋಳು ಚಮಚದ ತಟ್ಟೆಗಳನ್ನು ಎತ್ತಿ ಎತ್ತಿ ಪೇರಿಸುತ್ತದೆ. ಅಲ್ಲಿ ಕಣ್ಣಿಲ್ಲ, ನೆಲದ ಮೇಲೆ ಹಳದಿ ಗೆರೆಯಿದೆ. ತೋಳು ಬೀಸುವ ಮೊದಲು ಗಂಟೆ ಬಾರಿಸುತ್ತದೆ ಎಂದರು ಸಾಹೇಬರು. ಎಲ್ಲರೂ ಹೂಂ ಹೂಂ ಎಂದು ತಲೆಯಾಡಿಸಿದರು. ಎಂಥ ಗಂಟೆ? ನಾನೂ ಅಲ್ಲೇ ನಿಂತಿದ್ದೆ, ತೋಳು ಬಂತು ಹೋಯಿತು, ಗಂಟೆಯೂ ಇಲ್ಲ ಗಿಂಟೆಯೂ ಇಲ್ಲ. ದೊಡ್ಡವರು ಹೇಳಿದರೆಂದು ಎಲ್ಲರೂ ಕೇಳಿಸಿದ ಹಾಗೆ ನಟಿಸುತ್ತಾರೆ. ನಾನೂ ತಲೆಯಾಡಿಸಿದೆ. ನನಗೇಕೆ ಊರ ಉಸಾಬರಿ?

ಇನ್ನೊಂದು ಸೋಜಿಗ. ಮುಳ್ಳಕ್ಕನಿಗೆ ಮೆಲ್ಲಗೆ, ಅವಳೊಬ್ಬಳಿಗೇ ಎಂದು, "ಮೇಸ್ತ್ರಿ ಹೊಟ್ಟೆ ನೋಡು, ಈ ವಾರ ಇನ್ನೂ ಮುಂದೆ ಬಂದಿದೆ" ಎಂದೆ. ಕಾರ್ಖಾನೆಯ ಆ ತುದಿಯಲ್ಲಿದ್ದ ಮೇಸ್ತ್ರಿ ಸರಕ್ಕನೆ ತಿರುಗಿ ಹೊಟ್ಟೆ ಒಳಗೆಳೆದುಕೊಂಡ. ಅವನದು ಹಾವಿನ ಕಿವಿ. ಎಚ್ಚರವಾಗಿರಬೇಕು.

ಮಾರ್ಚ್ 11, ಮಂಗಳವಾರ

ಮೌನಮ್ಮ ಇವತ್ತು ಹೆಜ್ಜೆಹೆಜ್ಜೆಗೂ ನಿಂತಿತು. ಸಾಹೇಬರು ಓಡಿ ಬರುವುದು, ಬಗ್ಗಿ ನೋಡುವುದು, ಏನೂ ಕೆಟ್ಟಿಲ್ಲ ಎಂದು ಮತ್ತೆ ಚಾಲೂ ಮಾಡುವುದು. ಮನೆಗೆ ಬಂದ ಅತ್ತೆಯ ತಂಗಿ ಇನ್ನೂ ಹೋಗಿಲ್ಲ ಎನ್ನುವ ಕಥೆಯನ್ನು ನಾನು ಮುಳ್ಳಕ್ಕನಿಗೆ ಕೈಯಲ್ಲಿ ಹೇಳುತ್ತಿದ್ದೆ, ಒಂದು ಸಲವೂ ಪೂರ್ತಿ ಮಾಡಲಾಗಲಿಲ್ಲ. ಹೊಸದು ಹೊಸದು ಅಂತ ತಂದರು, ಹಳೆಯದಕ್ಕೆ ಈ ರೋಗವಿರಲಿಲ್ಲ.

ಮಾರ್ಚ್ 13, ಗುರುವಾರ

ಸಾಹೇಬರು ನನ್ನನ್ನು ಕರೆಸಿದರು. ಮೌನಮ್ಮ ನಿಂತಾಗಲೆಲ್ಲ ಕ್ಯಾಮೆರಾ ಚಿತ್ರ ತೆಗೆಯುತ್ತದಂತೆ. ಒಂದೊಂದಾಗಿ ತೋರಿಸಿದರು. ಎಲ್ಲದರಲ್ಲೂ ನಾನೇ, ಎಲ್ಲದರಲ್ಲೂ ತಲೆಯ ಮೇಲೆ ಕೈ, ಎಲ್ಲದರಲ್ಲೂ ಹುಳಿ ತಿಂದ ಮುಖ.

"ಅಕ್ಕಾ," ಎಂದರು, ದನಿಯಲ್ಲಿ ಎಷ್ಟು ಕಳಕಳಿ, ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತಾ ಹೇಳಿದ್ದರಿಂದ ಚೆನ್ನಾಗಿ ಕೇಳಿಸಿತು, "ನಿಮಗೆ ಎಷ್ಟು ದಿನದಿಂದ ಈ ತಲೆನೋವು?"

ಇದು ತಲೆನೋವಲ್ಲ ಸಾಹೇಬರೇ, ನಮ್ಮ ಅತ್ತೆ ಎಂದು ಹೇಳಲಾಗುತ್ತದೆಯೇ? "ಮದುವೆಯಾದಾಗಿನಿಂದ" ಎಂದೆ. ಸುಳ್ಳಂತೂ ಅಲ್ಲ. ಸಾಹೇಬರ ಮುಖ ಬಿಳುಚಿಕೊಂಡಿತು. ಹೊಸ ತಂತ್ರಜ್ಞಾನದಿಂದ ಹೆಂಗಸರ ಆರೋಗ್ಯ ಹದಗೆಡುತ್ತಿದೆ ಎಂದು ಮೇಲಿನವರಿಗೆ ಬರೆಯುತ್ತಾರಂತೆ. ಎರಡು ದಿನ ರಜೆ ಕೊಟ್ಟರು, ಮಾತ್ರೆ ಕೊಟ್ಟರು, ಬಾಗಿಲಿನವರೆಗೆ ಕೈ ಹಿಡಿದು ಬಿಟ್ಟರು. ಮುಳ್ಳಕ್ಕ ನಗು ತಡೆಯಲಾರದೆ ತಗಡಿನ ಹಿಂದೆ ಕೂತುಬಿಟ್ಟಳು.

ಮಾರ್ಚ್ 15, ಶನಿವಾರ

ಅತ್ತೆ ಮಾತು ಬಿಟ್ಟಿದ್ದಾರೆ! ನನಗೆ ತಲೆನೋವು ಎಂದು ನಮ್ಮವರು ಹೇಳಿದ್ದೇ ತಡ, ನಿನ್ನೆಯಿಂದ ಒಂದು ಶಬ್ದವಿಲ್ಲ. ತುಟಿ ಮಾತ್ರ ಅಲ್ಲಾಡುತ್ತದೆ. ಬಾಗಿಲ ಸಂದಿನಲ್ಲಿ ನಿಂತು ಕೈ ಬೀಸಿ ಊಟಕ್ಕೆ ಕರೆಯುತ್ತಾರೆ. ನನ್ನ ಮೇಲೆ ಏನು ಸಿಟ್ಟು? ಮನೆ ಬಿಕೋ ಎನ್ನುತ್ತಿತ್ತು. ಒಂದೂವರೆ ದಿನ ಸಹಿಸಿದೆ, ಆಮೇಲೆ ಆಗಲಿಲ್ಲ.

"ಏನತ್ತೆ, ನಾನು ಏನು ತಪ್ಪು ಮಾಡ್ದೆ? ಬೈಯೋದಿದ್ರೆ ಬಾಯಿಬಿಟ್ಟು ಬೈದುಬಿಡಿ!" ಎಂದೆ.

ಅತ್ತೆ ಉಸಿರೆಳೆದುಕೊಂಡು, "ತಲೆ ನೋಯುತ್ತೆ ಅಂದ್ಯಲ್ಲೇ, ಅದಕ್ಕೇ ಸುಮ್ನಿದ್ದೆ!" ಎಂದು ಗರ್ಜಿಸಿದರು. ಕಪಾಟಿನ ಲೋಟ ನಡುಗಿತು. ಯಾಕೋ ಜೀವಕ್ಕೆ ಸಮಾಧಾನವಾಯಿತು.

ಮಾರ್ಚ್ 17, ಸೋಮವಾರ

ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಮೌನಮ್ಮನ ಮುಂದೆ ಇನ್ನು ಕೈಮಾತು ಕೂಡದು. ಸದ್ದೇ ಇಲ್ಲವಲ್ಲ, ಬಾಯಲ್ಲಿ ಮಾತಾಡಿ ಎಂದು ಮೇಸ್ತ್ರಿ ಅಣಕಿಸಿದ. ಎಲ್ಲರೂ ಬಾಯಲ್ಲಿ ಮಾತಾಡಿದರು. ಏನು ಮಾತೋ! ಬಾಯೊಳಗೆ ಹತ್ತಿ ತುಂಬಿಕೊಂಡವರ ಹಾಗೆ ಗುಸುಗುಸು. ಇಷ್ಟು ವರ್ಷ ಬಾಯಿ ಬಳಸದೆ ಇವರಿಗೆಲ್ಲ ನಾಲಗೆ ದಪ್ಪವಾಗಿದೆ ಎಂದು ಕಾಣುತ್ತದೆ. ಮುಳ್ಳಕ್ಕನದಂತೂ ಇನ್ನೂ ಕಡೆ, ತಗಡು ನೋಡಿಕೊಂಡೇ ಮಾತಾಡುತ್ತಾಳೆ. ಎಷ್ಟು ಸಲ "ಆಂ? ಆಂ?" ಎನ್ನಲಿ? ಮರ್ಯಾದೆಯ ಪ್ರಶ್ನೆ. ಆಗಾಗ ನಕ್ಕು ಹೂಂಗುಟ್ಟಿದೆ. ಅವಳು ಹೇಳುವುದರಲ್ಲಿ ಮುಕ್ಕಾಲು ನಗುವಂಥದ್ದೇ ಇರುತ್ತದೆ.

ಮಾರ್ಚ್ 18, ಮಂಗಳವಾರ

ಮುಳ್ಳಕ್ಕ ನನ್ನ ಜೊತೆ ಮಾತಾಡುತ್ತಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಯಾಕೆಂದು ಮೇಸ್ತ್ರಿಯನ್ನು ಕೇಳಬೇಕಾಯಿತು, ನೋಡಿ ನನ್ನ ಗತಿ. ಅವನು ಸಿಟ್ಟಿನಿಂದ ಜೋರಾಗಿಯೇ ಹೇಳಿದ. ಅವಳ ತಂಗಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರಂತೆ. ನಿನ್ನೆ ಅದನ್ನು ಹೇಳಿಕೊಂಡು ಅಳುವ ಹಾಗಾಗಿದ್ದಾಗ ನಾನು ನಕ್ಕು, ಹೂಂ ಹೂಂ ಎಂದೆನಂತೆ.

ನಾನೇಕೆ ನಗಲಿ? ಆ ಹುಡುಗಿಯ ಮದುವೆಯಲ್ಲಿ ಬಡಿಸಿದವಳು ನಾನು. ಸರಿಯಾಗಿ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ?

ಊಟ ಸೇರಲಿಲ್ಲ.

ಮಾರ್ಚ್ 20, ಗುರುವಾರ

ಮನೆಯಲ್ಲೂ ಅದೇ ರೋಗ. ನಮ್ಮವರು ಮೀಸೆಯೊಳಗೆ ಮಾತಾಡುತ್ತಾರೆ, ಬಾಯಲ್ಲಿ ಗುಂಡುಸೂಜಿ ಬೇರೆ. ಟೀವಿಯವರು ಸದ್ದು ಕಡಿಮೆ ಮಾಡಿದ್ದಾರೆ, ದುಡ್ಡು ಮಾತ್ರ ಕಡಿಮೆ ಮಾಡಿಲ್ಲ. ಈ ಭೂಮಿಯ ಮೇಲೆ ನೆಟ್ಟಗೆ ಮಾತಾಡುವವರು ಅಂತ ಉಳಿದಿರುವುದು ಅತ್ತೆ ಒಬ್ಬರೇ.

ಸಂಜೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬಟಾಣಿ ಬಿಡಿಸಿದೆವು. ಅತ್ತೆ ತಮ್ಮ ಮದುವೆಯ ದಿನ ಮಾವ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದ ಕಥೆ ಹೇಳಿದರು. ಬೀದಿಯವರೆಲ್ಲ ಕೇಳಿಸಿಕೊಂಡು ನಕ್ಕರು. ಮುಳ್ಳಕ್ಕನ ವಿಷಯ ಹೇಳಿದೆ. "ಹೋಗಿ ಕ್ಷಮಿಸು ಅಂತ ಕೇಳೇ! ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಇಬ್ಬರಿಗೂ ಒಟ್ಟಿಗೇ ಬಟಾಣಿ ಕಾಲ ಬಂದಿದೆ. ಅವರ ಉಪ್ಪುನೀರನ್ನು ಇವತ್ತು ನಾನೇ ಕಾಯಿಸಿ ಕೊಟ್ಟೆ, ಪಾಪ, ಗಂಟಲು ಕಟ್ಟಿತ್ತು.

ಮಾರ್ಚ್ 24, ಸೋಮವಾರ

ಇನ್ನೊಂದು ನೋಟೀಸು. ಗುರುವಾರ ಎಲ್ಲರಿಗೂ ಕಿವಿ ಪರೀಕ್ಷೆ. ಗಂಟೆಯ ಸದ್ದು ಕೇಳಿಸದವರು ಮೌನಮ್ಮನ ಹತ್ತಿರ ನಿಲ್ಲುವುದು ಅಪಾಯ, ಅಂಥವರನ್ನು ಗೋದಾಮಿಗೆ ಹಾಕುತ್ತಾರಂತೆ. ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳು ಮತ್ತು ಒಂದು ಇಲಿ. ಮಾತಾಡಲು ಒಂದು ನರಪಿಳ್ಳೆಯಿಲ್ಲ.

ನನಗೇನು ಭಯ? ನನ್ನ ಕಿವಿ ಗಟ್ಟಿಯಾಗಿದೆ. ಇಲ್ಲದ ಗಂಟೆಯನ್ನು ಇದೆ ಎನ್ನುವವರಿಗೆ ಪರೀಕ್ಷೆ ಮಾಡಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಮಾತಾಡಲಾರದವರೆಲ್ಲ ಸೇರಿ ನನ್ನ ಕಿವಿಯ ಮೇಲೆ ಗೂಬೆ ಕೂರಿಸಲು ಹೊರಟಿದ್ದಾರೆ.

ಗುರುವಾರ ತಲೆನೋವು ಬರುವ ಸಂಭವವಿದೆ. ಮಾತ್ರೆ ಇನ್ನೂ ಉಳಿದಿದೆ.

ಮಾರ್ಚ್ 26, ಬುಧವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಒಂದು ಚಮಚ ಉರುಳಿ ಮೌನಮ್ಮನ ಹಿಂದಕ್ಕೆ ಹೋಯಿತು. ಬಿದ್ದ ಚಮಚ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗೆರೆ ದಾಟಿ ಬಗ್ಗಿದೆ. ಎತ್ತಿಕೊಂಡು ತಲೆ ಎತ್ತಿದಾಗ ಕಬ್ಬಿಣದ ತೋಳು ನನ್ನ ಕಿವಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಮುಂದೆ ನೋಡಿದರೆ ಇಡೀ ಕಾರ್ಖಾನೆಯವರು ಬಾಯಿ ತೆರೆದು ನಿಂತಿದ್ದಾರೆ. ಮೇಸ್ತ್ರಿ, ಸಾಹೇಬರು, ಎಲ್ಲರೂ. ಕ್ಯಾಮೆರಾ ಎದುರಿಗೆ ಮುಳ್ಳಕ್ಕ ಎರಡೂ ಕೈ ತಲೆಯ ಮೇಲೆ ಒತ್ತಿ ಹಿಡಿದು ಅಳುತ್ತಿದ್ದಾಳೆ.

ಅವರೆಲ್ಲ ಕೂಗಿದರಂತೆ. ಗಂಟೆಯೂ ಬಾರಿಸಿತಂತೆ. ಮುಳ್ಳಕ್ಕ ಗಂಟಲು ಹರಿಯುವ ಹಾಗೆ ಕಿರುಚಿ, ನಾನು ತಿರುಗದಿದ್ದಾಗ ತಲೆಯ ಮೇಲೆ ಕೈ ಹೊತ್ತಳಂತೆ. ಮೌನಮ್ಮ ತಕ್ಷಣ ನಿಂತಿತು, ಜೊತೆಗೆ ತೋಳೂ ನಿಂತಿತು.

ಅವಳನ್ನು ತಬ್ಬಿಕೊಂಡು, "ನಿನ್ನ ತಂಗಿ ವಿಷಯ ನಂಗೆ ಕೇಳಿಸ್ಲೇ ಇಲ್ಲ ಕಣೇ. ಕ್ಷಮಿಸು" ಎಂದೆ.

ಅವಳು ನನ್ನ ಕಿವಿಗೇ ಬಾಯಿಟ್ಟು, "ಈಗ ಹುಷಾರಾಗಿದಾಳೆ. ನೀನು ಮಾತ್ರ ಹುಷಾರಿಲ್ಲ" ಎಂದಳು.

ಇಲ್ಲದ ಗಂಟೆಯನ್ನು ಎಲ್ಲರೂ ಒಟ್ಟಿಗೇ ಕೇಳಿಸಿಕೊಳ್ಳುವುದು ಹೇಗೆ?

ಮಾರ್ಚ್ 27, ಗುರುವಾರ

ಬೆಳಗ್ಗೆ ವಿಚಾರಣೆ. ಸಾಹೇಬರು ಮುಳ್ಳಕ್ಕನನ್ನು, "ಮಿಷನ್ ನಿಲ್ಲಿಸೋಕೆ ಕೈ ಎತ್ತಿದ್ರೆ ಸಾಕಿತ್ತು. ತಲೆ ಮೇಲೇ ಯಾಕೆ ಇಟ್ರಿ?" ಎಂದು ಕೇಳಿದರು. ಮುಳ್ಳಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ದೊಡ್ಡ ಕೊರತೆ ಅವಳಿಗೆ.

"ಅದು ಇವಳ ಅತ್ತೆ ಸಾರ್. ಈ ಮಿಷನ್ನಿಗೆ ಇವಳ ಅತ್ತೆ ಅಂದ್ರೆ ಭಯ ಅಂತ ನಮಗೆಲ್ಲ ಮೊದ್ಲೇ ಗೊತ್ತಿತ್ತು."

ಸಾಹೇಬರು ಹೆಲ್ಮೆಟ್ ತೆಗೆದು, ಬೆವರು ಒರೆಸಿ, ಮತ್ತೆ ಹಾಕಿಕೊಂಡರು. "ಹಾಗಾದ್ರೆ ತಲೆನೋವು?" ಎಂದರು. "ಅದೂ ಅತ್ತೇನೇ ಸಾರ್" ಎಂದಳು ಮಹಾತಾಯಿ. ಸುತ್ತ ನಿಂತವರಿಗೆಲ್ಲ ನಗು. ಸಾಹೇಬರು ಮೇಲಿನವರಿಗೆ ಆಗಲೇ ಬರೆದುಬಿಟ್ಟಿದ್ದರಂತೆ. ಅವರ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ಆಮೇಲೆ ಕಿವಿ ಪರೀಕ್ಷೆ. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ದೊಡ್ಡ ಬಟ್ಟಲು ಕವುಚಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಎಷ್ಟು ಹೊತ್ತು ಕೂತರೂ ಸದ್ದಿಲ್ಲ. ಗೋದಾಮಿನ ಇಲಿ ನೆನಪಾಯಿತು. ಅಂದಾಜಿನ ಮೇಲೆ ಆಗಾಗ ಒತ್ತಿದೆ. ಹೊರಗೆ ಬಂದಾಗ ಡಾಕ್ಟರಮ್ಮ ನನ್ನ ಎದುರಿಗೆ ಕೂತು ನಿಧಾನವಾಗಿ ಹೇಳಿದರು: "ನಾನು ಸದ್ದು ಶುರುಮಾಡೋ ಮುಂಚೆನೇ ನೀವು ಒತ್ತೋಕೆ ಶುರು ಮಾಡಿದ್ರಿ."

ಹಳೆಯ ಪ್ರೆಸ್ಸಿನ ಸದ್ದು ವರ್ಷ ವರ್ಷ ಕೂತು ನನ್ನ ಕಿವಿ ತಿಂದಿದೆಯಂತೆ. ಮುಳ್ಳಕ್ಕನ ಬೆರಳನ್ನು ಒಂದೇ ಏಟಿಗೆ ನುಂಗಿತು, ನನ್ನ ಕಿವಿಯನ್ನು ಚಪ್ಪರಿಸಿಕೊಂಡು ತಿಂದಿತು. "ಕೊಟ್ಟಿದ್ದ ಬಿರಡೆ ಹಾಕ್ಕೊಳ್ತಿರಲಿಲ್ವಾ?" ಎಂದು ಕೇಳಿದರು. ಎಣ್ಣೆ ಸೀಸೆಯ ವಿಷಯ ಹೇಳಲಿಲ್ಲ.

ನಾನು ಅತ್ತೆ ಅಂತ ಒಂದು ಮಾತೂ ಆಡದೆ, ಕೈಯನ್ನೂ ಎತ್ತದೆ, ಅವರ ಕುರ್ಚಿಯಲ್ಲೇ ಕೂತು ಅತ್ತೆ. ಸಾಹೇಬರು ನೀರು ತಂದುಕೊಟ್ಟರು. "ಗೋದಾಮಿಗೆ ಹಾಕ್ತೀರಾ?" ಎಂದೆ.

ಅವರು ಗೋಡೆಯಿಂದ ಗೋದಾಮಿನ ನೋಟೀಸು ಕಿತ್ತು ಜೇಬಿಗೆ ಹಾಕಿಕೊಂಡರು. ನನಗೆ ಕಾಣುವ ಹಾಗೆ ತುಟಿ ಅಗಲಿಸಿ, "ಗಂಟೆ ಒಂದೇ ಸಾಕು ಅಂದ್ಕೊಂಡಿದ್ದು ನಮ್ಮ ತಪ್ಪು ಅಕ್ಕ" ಎಂದರು.

ಏಪ್ರಿಲ್ 9, ಬುಧವಾರ

ಕಬ್ಬಿಣದ ತೋಳಿಗೆ ನೀಲಿ ದೀಪ ಬಂದಿದೆ, ಹಿಂಭಾಗಕ್ಕೂ ಕಣ್ಣು ಬಂದಿದೆ. ಕೈಮಾತಿಗೆ ಹೆಗಲಿನವರೆಗೆ ಪರವಾನಗಿ. ತಲೆಯ ಮೇಲೆ ಅಂಗೈ ಇಟ್ಟರೆ ಮಾತ್ರ "ನಿಲ್ಲಿಸಿ" ಎಂದರ್ಥ, ಅದು ಈಗ ಕಾರ್ಖಾನೆಯ ಅಧಿಕೃತ ಸನ್ನೆ. ಗೋಡೆಯ ತುಂಬ ಮುಳ್ಳಕ್ಕ ತಲೆಯ ಮೇಲೆ ಕೈಯಿಟ್ಟ ದೊಡ್ಡ ಚಿತ್ರ. ಸಾಹೇಬರೇ ಗಡಿಬಿಡಿಯಲ್ಲಿ "ಅತ್ತೆ ಹಾಕಿ, ಅತ್ತೆ ಹಾಕಿ!" ಎಂದು ಕೂಗುತ್ತಾರೆ.

ನಮ್ಮವರು ಇದನ್ನು ಅತ್ತೆಗೆ ಹೇಳಿಬಿಟ್ಟಿದ್ದಾರೆ. ಇವತ್ತು ರಣರಂಗವೇ ಎಂದುಕೊಂಡು ಮನೆಯೊಳಗೆ ಕಾಲಿಟ್ಟರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ನನ್ನ ಹೆಸರಿಗೆ ಅಷ್ಟು ದೊಡ್ಡ ಮಿಷನ್ನು ನಿಲ್ಲುತ್ತಾ? ಮತ್ತೆ ಈ ಮನೇಲಿ ಯಾಕೆ ಯಾರೂ ನಿಲ್ಲಲ್ಲ?" ಎಂದರು. ಬೀದಿಗೆಲ್ಲ ಆಗಲೇ ಹೇಳಿಕೊಂಡು ಬಂದಿದ್ದಾರೆ.

ಏಪ್ರಿಲ್ 19, ಶನಿವಾರ

ಕಿವಿಗೆ ಮಿಷನ್ನು ಬಂತು. ಕಂಪನಿಯದೇ ಖರ್ಚು. ಬಟಾಣಿಯಷ್ಟಿದೆ. ಹಾಕಿದ ತಕ್ಷಣ ಸಾಹೇಬರು ನನ್ನನ್ನು ಹಳದಿ ಗೆರೆಯ ಹತ್ತಿರ ನಿಲ್ಲಿಸಿದರು. ಕುಂಯ್, ಕುಂಯ್. ಕೋಳಿಮರಿಯ ದನಿಯ ಒಂದು ಗಂಟೆ. ಇತ್ತು. ಮೊದಲಿನಿಂದಲೂ ಇತ್ತು. ತೋಳು ಮೂರು ನಾಲ್ಕು ಸಲ ಬಂದು ಹೋಗುವ ತನಕ ಅಲ್ಲೇ ನಿಂತು ಕೇಳಿದೆ. ಮೇಸ್ತ್ರಿ ಕೂಡ ಬೈಯಲಿಲ್ಲ.

ಕೂದಲು ಮುಂದಕ್ಕೆ ಎಳೆದುಕೊಂಡು, ಯಾರಿಗೂ ಹೇಳದೆ ಮನೆಗೆ ಬಂದೆ. ಅಡುಗೆಮನೆಯಲ್ಲಿ ಯಾರೋ ಹೊಸ ಹೆಂಗಸಿನ ದನಿ. ಸಣ್ಣ ದನಿ, ಮೆದು. ಅತ್ತೆಯ ತಂಗಿ ಮತ್ತೆ ಬಂದರೇ ಎಂದು ಹೆದರಿ ಇಣುಕಿದರೆ ಅತ್ತೆ, ನಮ್ಮವರ ತಟ್ಟೆಗೆ ಬಡಿಸುತ್ತಾ ಮಾತಾಡುತ್ತಿದ್ದಾರೆ. ಬೇರೆ ಯಾರೂ ಇಲ್ಲ.

"ಅವಳಿಗೂ ಬಿಸಿಯಾಗಿ ತೆಗೆದಿಟ್ಟಿದೀನಿ. ದಣಿದು ಬರ್ತಾಳೆ" ಎನ್ನುತ್ತಿತ್ತು ಆ ಸಣ್ಣ ದನಿ.

ಅಷ್ಟರಲ್ಲಿ ಅತ್ತೆ ನನ್ನನ್ನು ನೋಡಿದರು. ಸೌಟು ಕೆಳಗಿಟ್ಟರು. ಎದೆ ತುಂಬ ಉಸಿರೆಳೆದುಕೊಂಡರು. ಕುತ್ತಿಗೆಯ ನರ ಒಂದೊಂದಾಗಿ ಎದ್ದು ನಿಂತವು. ಭಾರ ಎತ್ತುವವರ ಹಾಗೆ ಕಣ್ಣು ಮುಚ್ಚಿಕೊಂಡು, "ಬಂದ್ಯೇನೇ!" ಎಂದು ಕೂಗಿದರು.

ನಾನು ಬಾಗಿಲಿಗೆ ತಲೆ ಚಚ್ಚಿಕೊಂಡೆ. "ಮೆಲ್ಲಗೆ ಹೇಳಿ ಅತ್ತೆ, ಕೇಳಿಸ್ತಿದೆ" ಎಂದು ಕೂದಲು ಸರಿಸಿ ತೋರಿಸಿದೆ.

ಅತ್ತೆ ಹತ್ತಿರ ಬಂದು ಆ ಬಟಾಣಿಯನ್ನು ನೋಡಿದರು. ಆಮೇಲೆ ಆ ಸಣ್ಣ ದನಿಯಲ್ಲಿ, "ಇದು ಕೇಳಿಸುತ್ತಾ?" ಎಂದರು. ಹೂಂ ಎಂದೆ. ಇನ್ನೂ ಸಣ್ಣ ಮಾಡಿ, "ಇದು?" ಎಂದರು. ಹೂಂ ಎಂದೆ. ಅತ್ತೆ ಅಲ್ಲೇ ಮಣೆ ಎಳೆದುಕೊಂಡು ಕೂತುಬಿಟ್ಟರು.

"ಅಮ್ಮ ಎಲ್ಲರ ಹತ್ರಾನೂ ಹೀಗೇ ಮೆಲ್ಲಗೆ ಮಾತಾಡೋದು" ಎಂದರು ನಮ್ಮವರು. "ಕೂಗ್ತಿದ್ದಿದ್ದು ನಿನಗೊಬ್ಬಳಿಗೇ. ಎಷ್ಟು ಸಲ ಹೇಳಿದೀನಿ ನಿನಗೆ."

ಹೇಳಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ? ಈ ಗಂಡಸರಿಗೆ ಎಲ್ಲ ತಪ್ಪೂ ಹೆಂಡತಿಯದೇ.

ಸಂಜೆ ಅಭ್ಯಾಸಬಲದಿಂದ ಉಪ್ಪುನೀರು ಕಾಯಿಸಿಕೊಂಡು ಹೋದೆ. ಅತ್ತೆ ಲೋಟ ನೋಡಿ, "ಬೇಡ ಕಣೇ ಮಗಳೇ, ಇವತ್ತು ನೋವಿಲ್ಲ" ಎಂದರು. ಮಗಳೇ ಎಂದರು. ಮೊದಲೂ ಎನ್ನುತ್ತಿದ್ದರೇನೋ, ಕೂಗಿನಲ್ಲಿ ಆ ಮಾತು ಕಳೆದುಹೋಗುತ್ತಿತ್ತೇನೋ, ನನಗೇನು ಗೊತ್ತು? ಆ ನೀರನ್ನು ನಾನೇ ಮುಕ್ಕಳಿಸಿದೆ. ಗಂಟಲು ಕಟ್ಟಿದ್ದು ನನಗೆ.

ಏಪ್ರಿಲ್ 21, ಸೋಮವಾರ

ಬೆಳಗ್ಗೆ ಮುಳ್ಳಕ್ಕ ಎಂದಿನಂತೆ ಅತ್ತೆ ಹೇಗಿದ್ದಾರೆಂದು ಕೇಳಲು ಕೈ ಎತ್ತಿದವಳು, ಮೌನಮ್ಮ ನಿಲ್ಲುತ್ತದೆ ಎಂದು ಅರ್ಧದಲ್ಲೇ ಇಳಿಸಿದಳು. ತಲೆಯ ಮೇಲಿನದು ಈಗ ಕಂಪನಿಯ ಸ್ವತ್ತು. ಅತ್ತೆಗೆ ಬೇರೆ ಸನ್ನೆ ಬೇಕು.

ನಾನು ಎರಡು ಬೆರಳನ್ನು ಗಂಟಲ ಮೇಲೆ ಮೆಲ್ಲಗೆ ಇಟ್ಟು ತೋರಿಸಿದೆ. ಮೌನಮ್ಮ ಒಂದು ಕ್ಷಣ ತಡೆದು, ನೋಡಿ, ತನ್ನ ಪಾಡಿಗೆ ಚಮಚ ಒತ್ತತೊಡಗಿತು.

ಗಂಟಲು ಯಾಕೆ ಎಂದು ಮುಳ್ಳಕ್ಕ ಕೇಳಿದಳು. ಊಟದ ಹೊತ್ತಿಗೆ ಹೇಳುತ್ತೇನೆ ಎಂದೆ.